ಹಿಂದಿನ ಗಾಲಿಯ ಬ್ರೇಕು ಮತ್ತು ಅದರ ದೋಷನಿರ್ಣಯಕ್ರಮ

ಕಾರ್ಯವನ್ನು ಕಂಡು ಕಾರಣವನ್ನು ತಿಳಿಯುವ ಅನುಮಾನಕ್ಕೆ ನೈಯಾಯಿಕರು ಶೇಷವತ್ತೆಂದು ಹೆಸರಿಟ್ಟಿರುವರು. ಹೊಳೆ ತುಂಬಿ ಬಂದುದನ್ನು ನೋಡಿ ಮೇಲಣ ಸೀಮೆಯಲ್ಲಿ ಮಳೆಯಾಗಿದೆಯೆಂದು ಊಹಿಸುವುದು ಇದಕ್ಕೆ ವಾತ್ಸ್ಯಾಯನನು ಕೊಡುವ ಉದಾಹರಣೆ. ಇದರ ಮೇಲೆ ನ್ಯಾಯಸೂತ್ರಗಳಲ್ಲಿಯೇ ಒಂದು ಪೂರ್ವಪಕ್ಷವುಂಟು. ಕೆಳಗೆ ಎಲ್ಲಿಯೋ ನೀರಿಗೆ ಅಡ್ಡಕಟ್ಟೆ ಬಿದ್ದರೂ ಹೊಳೆ ತುಂಬುವುದಷ್ಟೆ. ಹೀಗಿರುವಲ್ಲಿ ಹೊಳೆಯ ತುಂಬುವಿಕೆ ಮಳೆಗೆ ಹೇತುವಾಗುವುದು ಹೇಗೆ? ಇದಕ್ಕೆ ಸಮಾಧಾನವೇನೆಂದರೆ: ಬರಿಯ ತುಂಬುವಿಕೆ ಹೇತುವಲ್ಲ. ನೀರಿನ ವೇಗ, ನೊರೆ, ತೇಲಿ ಬರುವ ಎಲೆ ಹಣ್ಣು ಕಟ್ಟಿಗೆ, ಇವುಗಳಿಂದ ವಿಶಿಷ್ಟವಾದ ತುಂಬುವಿಕೆಯೇ ಹೇತು. ಕಟ್ಟೆಯಿಂದ ನಿಂತ ನೀರಿಗೆ ಈ ವಿಶೇಷಗಳಿಲ್ಲ. ಪಾಠಶಾಲೆಗಳಲ್ಲಿ ಈ ಭಾಗವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗಳು ಅನೇಕರಿದ್ದಾರೆ; ಇದನ್ನು ಒಂದು ಹೊಸ ವಿಷಯಕ್ಕೆ ಹಚ್ಚಿ ನೋಡಿದವರು ವಿರಳ. ಅಡಿಗೆಯ ಮನೆಯ ಹೊಗೆಯೂ ಕುಂಬಾರನ ಗಡಿಗೆಯೂ ಬಳಸಿ ಬಳಸಿ ಸವೆದುಹೋಗಿರುವುದರಿಂದ, ತಪ್ಪಾಗಿ ಊಹಿಸಿದರೆ ಪ್ರಾಣಕ್ಕೇ ಕುತ್ತು ಬರುವಂಥ ಒಂದು ನಿತ್ಯದ ಉದಾಹರಣೆಯನ್ನು ವಿದ್ವಾಂಸರ ಮುಂದಿಡಬೇಕೆಂಬುದು ಈ ಲೇಖನದ ಆಶಯ. ಆ ಉದಾಹರಣೆ, ಹಳೆಯ ಪಿಕಪ್ ಗಾಡಿಯ ಹಿಂದಿನ ಗಾಲಿಗಳ ಬ್ರೇಕು.

ನಮ್ಮ ನಾಡಿನಲ್ಲಿ ೧೯೮೮ರಲ್ಲಿ ಟಾಟಾಮೊಬೈಲ್ ಬಂದಂದಿನಿಂದ ಈ ಜಾತಿಯ ವಾಹನಗಳು ಹಳ್ಳಿಯ ಸಂತೆ, ಹಾಲಿನ ಡೈರಿ, ಮದುವೆಯ ಸಾಮಾನು, ಪುಸ್ತಕದ ಪೆಟ್ಟಿಗೆ ಎಲ್ಲವನ್ನೂ ಹೊತ್ತಿವೆ. ಇವುಗಳಲ್ಲಿ ಬಹುಪಾಲಿಗೆ ಮುಂದೆ ಬಿಲ್ಲೆಯ ಬ್ರೇಕು, ಹಿಂದೆ ಡ್ರಮ್ಮಿನ ಬ್ರೇಕು. ಗಾಡಿಯನ್ನು ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಗಾಲಿಗಳದೆಂಬ ಮಾತು ಲೋಕದಲ್ಲಿ ಪ್ರಸಿದ್ಧವಾಗಿದೆ. ಅದು ಕಾರಿನ ವಿಷಯದಲ್ಲಿ ನಿಜವೂ ಹೌದು. ಈ ಮಾತನ್ನೇ ನೆಚ್ಚಿ ಪಿಕಪ್ಪಿನ ಹಿಂದಿನ ಬ್ರೇಕನ್ನು ಉಪೇಕ್ಷಿಸುವವರು ಬಹಳ. ಹೇರು ಹೇರಿದಾಗ ಭಾರದ ಬಹುಭಾಗ ಹಿಂದಿನ ಅಚ್ಚಿನ ಮೇಲೆಯೇ ಕುಳಿತಿರುವುದೆಂಬುದನ್ನು ಅವರು ಆಲೋಚಿಸುವುದಿಲ್ಲ. ಹೇರು ಇಳಿಸಿದ ಮೇಲೆ ಸ್ಥಿತಿ ವಿಪರೀತ: ಹಗುರವಾದ ಹಿಂಭಾಗದ ಗಾಲಿಗಳು ಸ್ವಲ್ಪ ಅದುಮಿದರೂ ಉರುಳುವುದನ್ನು ಬಿಟ್ಟು ಜಾರತೊಡಗುತ್ತವೆ. ಮುಂದಿನ ಗಾಲಿ ಜಾರಿದರೆ ಗಾಡಿ ಚುಕ್ಕಾಣಿಯ ಮಾತು ಕೇಳದೆ ನೇರವಾಗಿ ಹೋಗುತ್ತದೆ. ಹಿಂದಿನದು ಜಾರಿದರೆ ಗಾಡಿಯೇ ತಿರುಗಿ ಅಡ್ಡಲಾಗುತ್ತದೆ. ಒಂದೇ ಬ್ರೇಕು ಬೆಳಗ್ಗೆ ಹೇರಿನೊಡನೆ ಸಾಲದೆಯೂ ಸಂಜೆ ಬರಿದಾಗಿ ಅತಿಯಾಗಿಯೂ ಇರಬಲ್ಲದು. ಈ ದ್ವೈಧವೇ ಪ್ರಕೃತ ವಿಷಯದ ಮುಖ್ಯವಾದ ತೊಡಕು.

ಇನ್ನು ಅದರ ರಚನೆ. ಗಾಲಿಯೊಡನೆ ತಿರುಗುವ ಎರಕದ ಕಬ್ಬಿಣದ ಬೋಗುಣಿಯಂಥ ವಸ್ತುವಿಗೆ ಡ್ರಮ್ ಎಂದು ಹೆಸರು. ಅದರ ಒಳಗೆ, ತಿರುಗದ ಒಂದು ತಗಡಿನ ಮೇಲೆ, ಅರ್ಧಚಂದ್ರಾಕೃತಿಯ ಎರಡು ಶೂಗಳು ಎದುರುಬದುರಾಗಿ ಕುಳಿತಿರುತ್ತವೆ. ಶೂವಿನ ಬೆನ್ನಿಗೆ ಉಜ್ಜುವ ವಸ್ತುವನ್ನು ಅಂಟಿಸಿಯೋ ರಿವೆಟ್ಟು ಹೊಡೆದೋ ಕೂರಿಸಿರುವರು. ಗ್ಯಾರೇಜುಗಳಲ್ಲಿ ಇದಕ್ಕೆ ಲೈನರ್ ಎನ್ನುತ್ತಾರೆ. ಎರಡು ಶೂಗಳ ಮೇಲ್ತುದಿಗಳ ನಡುವೆ ವೀಲ್ ಸಿಲಿಂಡರ್ ಎಂಬ ಚಿಕ್ಕ ಕೊಳವೆಯಿದೆ. ಚಾಲಕನು ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಿಂದ ದ್ರವದ ಒತ್ತಡವು ನಾಳಗಳ ಮೂಲಕ ಇಲ್ಲಿಗೆ ಬಂದು ಶೂಗಳನ್ನು ಹೊರಕ್ಕೆ ತಳ್ಳುತ್ತದೆ. ಲೈನರು ಡ್ರಮ್ಮಿನ ಒಳಮೈಗೆ ಉಜ್ಜುತ್ತದೆ. ಕಾಲು ತೆಗೆದಾಗ ಸ್ಪ್ರಿಂಗುಗಳು ಶೂಗಳನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಮುಚ್ಚಿದ ದ್ರವದಲ್ಲಿ ಒಂದೆಡೆ ಕೊಟ್ಟ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವುದೆಂಬ ಪಾಸ್ಕಲನ ನಿಯಮವೇ ಇದರ ಬೀಜ. ಡ್ರಮ್ಮಿನ ಬ್ರೇಕನ್ನು ಫ್ರಾನ್ಸಿನ ಲೂಯಿ ರೆನೊ ೧೯೦೨ರಲ್ಲಿಯೇ ರೂಪಿಸಿದ್ದನು. ಆಗ ಅದನ್ನು ಎಳೆಯುತ್ತಿದ್ದುದು ಸನ್ನೆ ಸರಿಗೆಗಳು. ನಾಲ್ಕು ಗಾಲಿಗಳಿಗೂ ದ್ರವದ ಬ್ರೇಕುಳ್ಳ ಕಾರು ಅಮೆರಿಕದಲ್ಲಿ ಡ್ಯೂಸೆನ್‌ಬರ್ಗ್ ಕಂಪೆನಿಯಿಂದ ೧೯೨೧ರಲ್ಲಿ ಹೊರಟಿತು.

ಡ್ರಮ್ಮಿನ ಬ್ರೇಕಿಗೆ ಬಿಲ್ಲೆಯ ಬ್ರೇಕಿನಲ್ಲಿಲ್ಲದ ಒಂದು ಗುಣವುಂಟು. ತೇರು ಇಳಿಜಾರಿನಲ್ಲಿ ಬರುವಾಗ ಗಾಲಿಯ ಕೆಳಗೆ ಮರದ ಬೆಣೆ ಕೊಡುವುದನ್ನು ಎಲ್ಲರೂ ನೋಡಿದ್ದೇವೆ. ಬೆಣೆ ಕೊಟ್ಟವನ ಬಲ ಅಲ್ಪ. ಗಾಲಿಯೇ ತನ್ನ ತಿರುಗುವಿಕೆಯಿಂದ ಬೆಣೆಯನ್ನು ಒಳಕ್ಕೆ ಸೆಳೆದುಕೊಂಡು ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುತ್ತದೆ. ಗಾಡಿ ಮುಂದಕ್ಕೆ ಹೋಗುವಾಗ ಮುಂಬದಿಯ ಶೂವಿನ ಸ್ಥಿತಿಯೂ ಹೀಗೆಯೇ: ಡ್ರಮ್ಮು ಅದನ್ನು ಮೇಲಿನಿಂದ ಕೆಳಕ್ಕೆ, ಅದರ ಆಧಾರದ ಗೂಟದ ಕಡೆಗೆ, ಎಳೆಯುವುದರಿಂದ ಶೂ ಇನ್ನಷ್ಟು ಬಲವಾಗಿ ಡ್ರಮ್ಮಿಗೆ ಒತ್ತಿಕೊಳ್ಳುತ್ತದೆ. ಹಿಂಬದಿಯ ಶೂವನ್ನು ಅದೇ ತಿರುಗುವಿಕೆ ದೂಡಿಹಾಕುತ್ತದೆ. ಆದಕಾರಣ ಇಂಥ ರಚನೆಯಲ್ಲಿ ಮುಂಬದಿಯ ಲೈನರು ಬೇಗ ಸವೆಯುವುದು ಸಹಜ, ಅದನ್ನು ದೋಷವೆಂದೆಣಿಸಬಾರದು. ಘರ್ಷಣೆಯ ಒಂದು ಚಿಕ್ಕ ಏರುಪೇರು ಇಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳುವುದೆಂಬುದನ್ನು ಮಾತ್ರ ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವುಂಟು.

ಡ್ರಮ್ಮಿಗೆ ಭೇರಿಯೆಂದೂ ಶೂವಿಗೆ ಪಾದುಕೆಯೆಂದೂ ಸಂಸ್ಕೃತದ ಉಡುಪು ತೊಡಿಸಬಹುದಿತ್ತು. ಹಾಗೆ ಮಾಡಿದರೆ ಕೆಲಸಗಾರನಿಗೂ ತಿಳಿಯದು, ಪಂಡಿತನಿಗೂ ವಸ್ತು ಕಾಣದು. ಕೈಯಲ್ಲಿ ಹಿಡಿದು ಕೆಲಸ ಮಾಡುವವರ ಬಾಯಲ್ಲಿ ನೆಲೆಗೊಂಡ ಮಾತೇ ರೂಢಿ. ರೂಢಿಯು ಯೋಗಕ್ಕಿಂತ ಬಲವತ್ತರವೆಂಬುದು ಶಾಸ್ತ್ರಸಮ್ಮತವೇ ಆಗಿದೆ. ಆದರೆ ಗ್ಯಾರೇಜಿನ ಒಂದು ರೂಢಿಯನ್ನು ಮಾತ್ರ ಎಚ್ಚರಿಕೆಯಿಂದ ಬಳಸಬೇಕು. ಬ್ರೇಕಿನ ದ್ರವಕ್ಕೆ ಎಲ್ಲರೂ ‘ಬ್ರೇಕ್ ಆಯಿಲ್’ ಎನ್ನುತ್ತಾರೆ. ಅದು ಎಣ್ಣೆಯಲ್ಲ, ಗ್ಲೈಕಾಲ್ ವರ್ಗದ, ನೀರಿನೊಡನೆ ಬೆರೆಯುವ ದ್ರವ. ಹೆಸರನ್ನು ನಂಬಿ ಎಂಜಿನ್ನಿನ ಎಣ್ಣೆಯನ್ನೋ ಪವರ್ ಸ್ಟಿಯರಿಂಗಿನ ಎಣ್ಣೆಯನ್ನೋ ತುಂಬಿದರೆ, ಸಿಲಿಂಡರುಗಳ ಒಳಗಿರುವ ರಬ್ಬರಿನ ಬಟ್ಟಲುಗಳು ಉಬ್ಬಿ ಮೆತ್ತಗಾಗಿ, ಕೆಲವು ದಿನಗಳಲ್ಲಿ ಇಡೀ ವ್ಯವಸ್ಥೆಯೇ ಕೆಡುತ್ತದೆ. ಆಗ ರಬ್ಬರಿನ ಒಂದೊಂದು ಭಾಗವನ್ನೂ ಬದಲಾಯಿಸಬೇಕಾಗುತ್ತದೆ. ನಾಮಮಾತ್ರದಿಂದ ಹುಟ್ಟಿದ ಭ್ರಾಂತಿಗೆ ಇಷ್ಟು ದುಬಾರಿಯಾದ ಉದಾಹರಣೆ ನಿಘಂಟುಕಾರರಿಗೆ ಸುಲಭವಾಗಿ ದೊರೆಯಲಾರದು. ಇದಕ್ಕೆ ವಿರುದ್ಧವಾಗಿ, ನಾಳದಲ್ಲಿ ಸೇರಿದ ಗಾಳಿಯನ್ನು ಹೊರಡಿಸುವ ಕ್ರಿಯೆಗೆ ಇಂಗ್ಲಿಷಿನವರು ರಕ್ತ ಬಸಿಯುವ ಮಾತನ್ನು ಬಳಸಿದರೆ, ನಮ್ಮ ಕೆಲಸಗಾರರು ‘ಏರ್ ತೆಗೆಯುವುದು’ ಎನ್ನುತ್ತಾರೆ. ಇದು ಮೂಲಕ್ಕಿಂತ ಮೇಲು.

ಶಬ್ದವಿಚಾರ ಇಲ್ಲಿಗೆ ಮುಗಿಯಲಿಲ್ಲ. ದೋಷನಿರ್ಣಯವು ಮೊದಲಾಗುವುದು ಚಾಲಕನ ಮಾತಿನಿಂದ, ಎಂದರೆ ಶಬ್ದಪ್ರಮಾಣದಿಂದ. ‘ಬ್ರೇಕು ಹಿಡಿಯುತ್ತಿದೆ’ ಎಂದು ಒಬ್ಬನು ಹೇಳಿದರೆ ಬ್ರೇಕು ಚೆನ್ನಾಗಿದೆಯೆಂದೂ ಆಗಬಹುದು, ಕಾಲು ತೆಗೆದ ಮೇಲೂ ಗಾಲಿಯನ್ನು ಬಿಡುತ್ತಿಲ್ಲವೆಂದೂ ಆಗಬಹುದು. ಕನ್ನಡದ ಸಹಾಯಕ್ರಿಯಾಪದಗಳು ಇಲ್ಲಿ ದೊಡ್ಡ ಉಪಕಾರ ಮಾಡುತ್ತವೆ. ‘ಹಿಡಿಯುವುದಿಲ್ಲ’ ಎಂದರೆ ಬಲ ಸಾಲದು. ‘ಹಿಡಿದುಬಿಡುತ್ತದೆ’ ಎಂದರೆ ಅಪೇಕ್ಷಿಸಿದುದಕ್ಕಿಂತ ಮೊದಲೇ, ಒಮ್ಮೆಲೇ, ಗಾಲಿ ನಿಲ್ಲುತ್ತದೆ. ‘ಹಿಡಿದುಕೊಳ್ಳುತ್ತದೆ’ ಎಂದರೆ ಬಿಡಬೇಕಾದಾಗ ಬಿಡುವುದಿಲ್ಲ. ‘ಬಿಡು’ ಎಂಬ ಧಾತುವು ಬಿಡದ ಅರ್ಥಕ್ಕೆ ಒದಗುವ ವಿಚಿತ್ರವನ್ನು ವೈಯಾಕರಣರು ಗಮನಿಸಬಹುದು. ಬುದ್ಧಿವಂತನಾದ ಕೆಲಸಗಾರನು ಗಾಲಿಯನ್ನು ಬಿಚ್ಚುವುದಕ್ಕೆ ಮೊದಲು ಈ ಮೂರರಲ್ಲಿ ಯಾವುದೆಂದು ಕೇಳಿ ತಿಳಿಯುತ್ತಾನೆ. ನಾವೂ ಈ ಕ್ರಮದಲ್ಲಿಯೇ ಮುಂದುವರಿಯೋಣ.

ಹಿಡಿಯದ ಬ್ರೇಕಿನಲ್ಲಿ ಮೊದಲು ನೋಡತಕ್ಕದ್ದು ಪೆಡಲಿನ ನಡತೆ. ಪೆಡಲು ಬಹಳ ಕೆಳಗೆ ಹೋಗಿ ಆಮೇಲೆ ಹಿಡಿಯುತ್ತದೆ, ಎರಡು ಮೂರು ಸಲ ಬೇಗ ಬೇಗ ತುಳಿದರೆ ಮೇಲೇಳುತ್ತದೆ. ಇದು ಅತ್ಯಂತ ಸಾಮಾನ್ಯವಾದ ದೂರು. ಇದನ್ನು ಕೇಳಿದೊಡನೆಯೇ ‘ಏರ್ ಸೇರಿದೆ’ ಎಂದು ತೀರ್ಮಾನಿಸುವವರು ಬಹುಮಂದಿ. ತುಂಬಿದ ಹೊಳೆಯ ಪೂರ್ವಪಕ್ಷ ಇಲ್ಲಿಯೇ ಬಂದಿತು. ಶೂಗಳಿಗೂ ಡ್ರಮ್ಮಿಗೂ ನಡುವೆ ಅಂತರ ಹೆಚ್ಚಾಗಿದ್ದರೂ ಪೆಡಲು ಕೆಳಗೆ ಹೋಗುತ್ತದೆ; ದ್ರವದ ಬಹುಭಾಗ ಆ ಅಂತರವನ್ನು ತುಂಬುವುದರಲ್ಲಿಯೇ ವ್ಯಯವಾಗುವುದರಿಂದ, ಮತ್ತೆ ಮತ್ತೆ ತುಳಿದರೆ ಈ ಸಂದರ್ಭದಲ್ಲಿಯೂ ಅದು ಮೇಲೇಳುತ್ತದೆ. ಹೇತು ವ್ಯಭಿಚರಿಸಿತು. ವಿಶೇಷವನ್ನು ಹುಡುಕಬೇಕು. ಮೇಲೆದ್ದ ಪೆಡಲು ಕಾಲಿನ ಕೆಳಗೆ ಕಲ್ಲಿನಂತೆ ಗಟ್ಟಿಯಾಗಿದ್ದರೆ ಅಂತರವೂ, ರಬ್ಬರಿನ ಚೆಂಡನ್ನು ತುಳಿದಂತೆ ಮೆತ್ತಗಿದ್ದರೆ ಗಾಳಿಯೂ ಕಾರಣವಾಗಿರುವುದು ಸಂಭವ. ಗಾಳಿಯನ್ನು ಅದುಮಬಹುದು, ದ್ರವವನ್ನು ಅದುಮಲಾಗದು. ಇದೇ ಈ ವಿಶೇಷಕ್ಕೆ ಮೂಲ.

ಇದಕ್ಕಿಂತ ನಿಷ್ಕೃಷ್ಟವಾದ ಪರೀಕ್ಷೆಯೊಂದುಂಟು. ಅದಕ್ಕೆ ಕಾಸಿನ ಖರ್ಚಿಲ್ಲ, ಒಂದು ಸ್ಕ್ರೂ ಬಿಚ್ಚಬೇಕಾದುದೂ ಇಲ್ಲ. ಪಿಕಪ್ಪಿನ ಹ್ಯಾಂಡ್‌ಬ್ರೇಕು ಕೇಬಲ್ಲಿನ ಮೂಲಕ ಹಿಂದಿನ ಶೂಗಳನ್ನೇ ಅಗಲಿಸುತ್ತದೆ. ಗಾಡಿಯನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನು ಎಳೆದು, ಆಮೇಲೆ ಪೆಡಲನ್ನು ಒಮ್ಮೆ ತುಳಿಯಿರಿ. ಹ್ಯಾಂಡ್‌ಬ್ರೇಕು ಬಿಟ್ಟಾಗ ಕೆಳಗೆ ಹೋಗುತ್ತಿದ್ದ ಪೆಡಲು ಈಗ ಮೇಲೆಯೇ ಗಟ್ಟಿಯಾಗಿ ನಿಂತರೆ, ಹಿಂದಿನ ಶೂಗಳ ಅಂತರವೇ ಕಾರಣ. ಏಕೆಂದರೆ ಇಲ್ಲಿ ಬದಲಾದುದು ಆ ಅಂತರವೊಂದೇ. ನಾಳಗಳೂ ಗಾಳಿಯೂ ಮೊದಲಿನಂತೆಯೇ ಇವೆ. ಒಂದನ್ನು ಮಾತ್ರ ತೆಗೆದು ಉಳಿದುದನ್ನು ಹಾಗೆಯೇ ಬಿಟ್ಟು ನೋಡುವ ವ್ಯತಿರೇಕಕ್ಕೆ ಇದಕ್ಕಿಂತ ಸ್ವಚ್ಛವಾದ ನಿದರ್ಶನವನ್ನು ನಾವು ಕಾಣೆವು. ಕೇಬಲ್ಲು ತುಕ್ಕು ಹಿಡಿದು ಸಿಕ್ಕಿಕೊಂಡಿದ್ದರೆ ಮಾತ್ರ ಈ ಪರೀಕ್ಷೆ ನಡೆಯದು. ಅದನ್ನು ಮೊದಲೇ ನೋಡಿಕೊಳ್ಳಬೇಕು.

ಅಂತರವೇ ಕಾರಣವೆಂದು ತಿಳಿದ ಮೇಲೂ ‘ಅಂತರ ಏಕೆ ಹೆಚ್ಚಿತು’ ಎಂಬ ಪ್ರಶ್ನೆ ಉಳಿಯಿತು. ಲೈನರು ಸವೆದಂತೆಲ್ಲ ಶೂಗಳನ್ನು ತಾನಾಗಿ ಹೊರಕ್ಕೆ ಸರಿಸುತ್ತಿರಲೆಂದು ಹಲ್ಲುಗಳುಳ್ಳ ಒಂದು ಚಕ್ರದ ತಿರುಪನ್ನು ಒಳಗೆ ಇಟ್ಟಿರುತ್ತಾರೆ. ಕೆಲವು ರಚನೆಗಳಲ್ಲಿ ಇದು ಗಾಡಿಯನ್ನು ಹಿಂದಕ್ಕೆ ಬಿಟ್ಟು ಬ್ರೇಕು ತುಳಿದಾಗ, ಕೆಲವದರಲ್ಲಿ ಹ್ಯಾಂಡ್‌ಬ್ರೇಕು ಎಳೆದಾಗ, ಒಂದೊಂದು ಹಲ್ಲು ಮುಂದುವರಿಯುತ್ತದೆ. ಎರಡನೆಯ ಬಗೆಯ ಗಾಡಿಯಲ್ಲಿ ಹ್ಯಾಂಡ್‌ಬ್ರೇಕನ್ನು ಎಂದೂ ಮುಟ್ಟದೆ, ಗೇರಿಗೆ ಹಾಕಿ ಕಲ್ಲು ಕೊಟ್ಟು ನಿಲ್ಲಿಸುವ ಅಭ್ಯಾಸವುಳ್ಳ ಚಾಲಕನು ತನ್ನ ಕಾಲ್ಬ್ರೇಕನ್ನೇ ಕೆಡಿಸಿಕೊಳ್ಳುತ್ತಾನೆ. ಇನ್ನೊಂದು ಸೂಕ್ಷ್ಮ: ಎಡ ಬಲ ಗಾಲಿಗಳ ತಿರುಪುಗಳ ಸುತ್ತು ಒಂದಕ್ಕೊಂದು ವಿರುದ್ಧವಾಗಿರುತ್ತದೆ. ಸ್ವಚ್ಛಮಾಡುವ ಗಡಿಬಿಡಿಯಲ್ಲಿ ಅದಲುಬದಲಾದರೆ, ಅಂತರವನ್ನು ಕಡಮೆಮಾಡಬೇಕಾದ ತಿರುಪು ಪ್ರತಿಸಲವೂ ಹೆಚ್ಚಿಸುತ್ತ ಹೋಗುತ್ತದೆ. ಹೊಸ ಲೈನರು ಹಾಕಿಸಿದ ಎರಡು ವಾರಕ್ಕೆ ಪೆಡಲು ಮತ್ತೆ ಕೆಳಗಿಳಿಯಿತೆಂದರೆ ಮೊದಲು ಇದನ್ನೇ ಶಂಕಿಸಬೇಕು.

ಪೆಡಲಿನ ಮೇಲೆ ಕಾಲನ್ನು ಒಂದೇ ಸಮನಾಗಿ ಇಟ್ಟಿರುವಾಗ ಅದು ಮೆಲ್ಲಮೆಲ್ಲನೆ ನೆಲದ ಕಡೆಗೆ ಇಳಿಯುತ್ತ ಹೋದರೆ ದ್ರವವು ಎಲ್ಲಿಯೋ ಹೊರಡುತ್ತಿದೆ. ಹೊರಗೆ ಎಲ್ಲಿಯೂ ಒಸರಿಲ್ಲದೆ, ಬುಡ್ಡಿಯಲ್ಲಿನ ಮಟ್ಟವೂ ತಗ್ಗದೆ ಇದ್ದರೆ, ಮಾಸ್ಟರ್ ಸಿಲಿಂಡರಿನ ರಬ್ಬರನ್ನು ದಾಟಿ ದ್ರವ ಒಳಗೊಳಗೇ ಹಿಂದಿರುಗುತ್ತಿದೆಯೆಂದು ಪಾರಿಶೇಷ್ಯದಿಂದ ಸಿದ್ಧವಾಗುತ್ತದೆ. ಮಟ್ಟ ತಗ್ಗುತ್ತಿದ್ದರೆ ಹಿಂದಿನ ಗಾಲಿಗಳ ಒಳಬದಿಯನ್ನೂ ತಗಡಿನ ಕೆಳಅಂಚನ್ನೂ ನೋಡಬೇಕು. ಅಲ್ಲಿ ಒದ್ದೆಯಿದ್ದಲ್ಲಿ ಇನ್ನೊಂದು ಸಂದೇಹ ಹುಟ್ಟುತ್ತದೆ. ಅದು ವೀಲ್ ಸಿಲಿಂಡರಿನಿಂದ ಒಸರಿದ ಬ್ರೇಕಿನ ದ್ರವವಾಗಿರಬಹುದು, ಹಿಂದಿನ ಅಚ್ಚಿನೊಳಗಿನ ಗೇರಿನ ಎಣ್ಣೆಯಾಗಿರಬಹುದು. ಎರಡೂ ಧೂಳಿನೊಡನೆ ಕಲೆತು ಒಂದೇ ಬಗೆಯ ಕಪ್ಪು ರಾಡಿಯಾಗಿರುತ್ತವೆ. ಕಣ್ಣು ಇಲ್ಲಿ ಪ್ರಮಾಣವಲ್ಲ. ಒಂದಿಷ್ಟನ್ನು ನೀರಿನಲ್ಲಿ ಅಲ್ಲಾಡಿಸಿ ನೋಡಿದರೆ ಬ್ರೇಕಿನ ದ್ರವ ಕರಗಿಹೋಗುತ್ತದೆ. ಗೇರಿನ ಎಣ್ಣೆ ಮೇಲೆ ತೇಲುತ್ತದೆ, ಗಂಧಕದ ಕಟುವಾದ ವಾಸನೆಯೂ ಅದಕ್ಕುಂಟು. ಈ ವಿವೇಕದಿಂದ ಚಿಕಿತ್ಸೆಯೇ ಬೇರೆಯಾಗುತ್ತದೆ. ಮೊದಲನೆಯದಕ್ಕೆ ಸಿಲಿಂಡರು, ಎರಡನೆಯದಕ್ಕೆ ಅಚ್ಚಿನ ಸೀಲು. ಸೀಲನ್ನು ಬದಲಾಯಿಸಿದರೂ ಮತ್ತೆ ಮತ್ತೆ ಸೋರುವುದಾದರೆ ಅಚ್ಚಿನ ಮೇಲಿರುವ ಉಸಿರುರಂಧ್ರ ಕೆಸರಿನಿಂದ ಮುಚ್ಚಿದೆಯೇ ಎಂದು ನೋಡುವುದು ಉಚಿತ. ಓಡುವಾಗ ಅಚ್ಚು ಕಾಯ್ದು ಒಳಗಿನ ಗಾಳಿ ಹಿಗ್ಗುತ್ತದೆ. ಅದಕ್ಕೆ ದಾರಿಯಿಲ್ಲವಾದರೆ ಎಣ್ಣೆಯನ್ನೇ ಸೀಲಿನ ಮೂಲಕ ಹೊರದೂಡುತ್ತದೆ. ಎರಡರಲ್ಲಿ ಯಾವುದರಿಂದಲಾದರೂ ನೆನೆದ ಲೈನರನ್ನು ಸೀಮೆಎಣ್ಣೆ ಪೆಟ್ರೋಲುಗಳಿಂದ ತೊಳೆದು ಮತ್ತೆ ಹಾಕುವುದು ವ್ಯರ್ಥ. ಅದು ಒಳಗೆ ಹೀರಿಕೊಂಡುದನ್ನು ಕಾಯ್ದಾಗ ಮತ್ತೆ ಹೊರಬಿಡುತ್ತದೆ.

ಘಟ್ಟದ ಪ್ರಸಂಗ ಬೇರೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹೇರಿನೊಡನೆ ಇಳಿಯುತ್ತಿರುವಾಗ ಬ್ರೇಕು ಹೋಯಿತು. ಕೆಳಗೆ ಒಂದು ಗಳಿಗೆ ನಿಂತ ಮೇಲೆ ಸರಿಯಾಯಿತು. ಮಾರನೆಯ ದಿನ ಕೆಲಸಗಾರನಿಗೆ ಯಾವ ದೋಷವೂ ಕಾಣಲಿಲ್ಲ. ಈ ವೃತ್ತಾಂತವನ್ನು ನಂಬದವರುಂಟು. ಚಾಲಕನು ನಿದ್ದೆಗೆಟ್ಟು ಹೇಳುವ ಮಾತೆಂದು ತಳ್ಳಿಹಾಕುವುದನ್ನೂ ಕೇಳಿದ್ದೇವೆ. ಚಾಲಕನ ಮಾತು ನಿಜ. ಆದರೆ ಇಲ್ಲಿಯೂ ಎರಡು ಕಾರಣಗಳು ಒಂದೇ ಮುಖವಾಡವನ್ನು ಧರಿಸಿವೆ. ಬ್ರೇಕಿನ ದ್ರವವು ಗಾಳಿಯಲ್ಲಿನ ತೇವವನ್ನು ವರ್ಷಗಳ ಮೇಲೆ ವರ್ಷ ಹೀರುತ್ತಿರುತ್ತದೆ. ಡಾಟ್ ೩ ಎಂಬ ದರ್ಜೆಯ ದ್ರವಕ್ಕೆ ಹೊಸದಾಗಿದ್ದಾಗ ಕುದಿಯುವ ಬಿಂದು ೨೦೫ ಸೆಂಟಿಗ್ರೇಡಿಗೆ ಕಡಮೆಯಿರಬಾರದು; ತೇವ ಸೇರಿದ ಸ್ಥಿತಿಗೆ ಗೊತ್ತುಮಾಡಿರುವ ಕನಿಷ್ಠ ಮಿತಿ ೧೪೦. ಡಾಟ್ ೪ಕ್ಕೆ ಈ ಅಂಕಗಳು ೨೩೦ ಮತ್ತು ೧೫೫. ಹಳೆಯ ದ್ರವವು ಕಾಯ್ದ ಸಿಲಿಂಡರಿನಲ್ಲಿ ಕುದಿದು ಆವಿಯಾದರೆ ಆವಿಯನ್ನು ಅದುಮಬಹುದಾದುದರಿಂದ ಪೆಡಲು ನೆಲಕ್ಕೆ ಹೋಗುತ್ತದೆ. ಆರಿದ ಮೇಲೆ ಆವಿ ಮರಳಿ ದ್ರವವಾಗಿ ಸಾಕ್ಷಿಯೇ ಇಲ್ಲದಂತಾಗುತ್ತದೆ. ಎರಡನೆಯದರಲ್ಲಿ ಕಾಯುವುದು ಲೈನರು. ಅತಿಯಾಗಿ ಕಾಯ್ದ ಲೈನರಿನ ಘರ್ಷಣೆ ಕುಗ್ಗಿ, ಪೆಡಲು ಗಟ್ಟಿಯಾಗಿಯೇ ಇದ್ದರೂ ಗಾಡಿ ನಿಲ್ಲುವುದಿಲ್ಲ. ಸುಟ್ಟ ವಾಸನೆ ಬರುತ್ತದೆ. ಚಾಲಕನನ್ನು ‘ಪೆಡಲು ಮೆತ್ತಗಾಯಿತೇ, ಗಟ್ಟಿಯಾಗಿದ್ದಿತೇ’ ಎಂದು ಕೇಳಿದರೆ ಅರ್ಧ ನಿರ್ಣಯ ಮುಗಿಯಿತು. ಮೊದಲನೆಯದಕ್ಕೆ ದ್ರವವನ್ನು ಪೂರ್ತಿಯಾಗಿ ಬದಲಾಯಿಸುವುದೇ ಮದ್ದು. ಎರಡನೆಯದಕ್ಕೆ ಲೈನರು ಡ್ರಮ್ಮುಗಳ ಪರೀಕ್ಷೆ ಅವಶ್ಯ. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರೆಂಬ ಹಳೆಯ ಚಾಲಕರ ಮಾತು ಎರಡಕ್ಕೂ ಪಥ್ಯ.

ಪೆಡಲು ಸರಿಯಾಗಿದೆ, ಒಸರಿಲ್ಲ, ಲೈನರೂ ಹೊಸದು. ಆದರೂ ಹೇರಿದ್ದಾಗ ಹಿಂದಿನ ಬ್ರೇಕು ಸಾಲದು. ಇಲ್ಲಿ ನೋಡಬೇಕಾದುದು ಸಾಮಾನ್ಯವಾಗಿ ಯಾರೂ ಬಗ್ಗಿ ನೋಡದ ಒಂದು ಅಂಗ. ಮೇಲೆ ಹೇಳಿದ ದ್ವೈಧಕ್ಕೆ ಪರಿಹಾರವಾಗಿ ಅನೇಕ ಪಿಕಪ್ಪುಗಳಲ್ಲಿ ಚಾಸಿಗೂ ಹಿಂದಿನ ಅಚ್ಚಿಗೂ ನಡುವೆ ಒಂದು ಕವಾಟವನ್ನಿಟ್ಟು, ಅದನ್ನು ಒಂದು ಕಡ್ಡಿಯಿಂದ ಅಚ್ಚಿಗೆ ಜೋಡಿಸಿರುತ್ತಾರೆ. ಹೇರಿನಿಂದ ಚಾಸಿ ಕೆಳಗಿಳಿದಾಗ ಕಡ್ಡಿ ತಿರುಗಿ ಕವಾಟವು ಹಿಂದಕ್ಕೆ ಹೆಚ್ಚು ಒತ್ತಡವನ್ನು ಬಿಡುತ್ತದೆ. ಬರಿದಾದಾಗ ಕಡಮೆ ಬಿಡುತ್ತದೆ. ಎಂದರೆ ಈ ಕವಾಟವೂ ಒಬ್ಬ ಅನುಮಾನಿಕನೇ. ಅದು ಭಾರವನ್ನು ನೇರವಾಗಿ ಕಾಣದು. ಚಾಸಿಯ ಇಳಿತವೆಂಬ ಲಿಂಗದಿಂದ ಭಾರವನ್ನು ಊಹಿಸುತ್ತದೆ. ಈಗ, ಹೆಚ್ಚು ಹೇರಬೇಕೆಂಬ ಆಸೆಯಿಂದ ಮಾಲಿಕನು ಹಿಂದಿನ ಸ್ಪ್ರಿಂಗಿಗೆ ಒಂದೆರಡು ಪಟ್ಟಿಗಳನ್ನು ಸೇರಿಸುತ್ತಾನೆ. ಸ್ಪ್ರಿಂಗು ಬಿರುಸಾಯಿತು, ಹೇರಿದರೂ ಚಾಸಿ ಇಳಿಯಲೊಲ್ಲದು. ಲಿಂಗವಿಲ್ಲದುದರಿಂದ ಕವಾಟವು ‘ಗಾಡಿ ಬರಿದಾಗಿದೆ’ ಎಂದು ತಿಳಿದು ಹಿಂದಿನ ಬ್ರೇಕಿನ ಒತ್ತಡವನ್ನು ತಡೆಯುತ್ತದೆ. ಭಾರ ಹೆಚ್ಚಿತು, ಬ್ರೇಕು ಕುಗ್ಗಿತು. ಅದೂ ಒಂದೇ ಕೆಲಸದಿಂದ. ನಮ್ಮ ಸೀಮೆಯಲ್ಲಿ ಅಡಿಕೆ ಮರಳು ಹೇರುವ ಗಾಡಿಗಳಲ್ಲಿ ಈ ಪಟ್ಟಿ ಸೇರಿಸುವ ರೂಢಿ ಎಷ್ಟು ಹರಡಿದೆಯೆಂಬುದನ್ನು ಬಲ್ಲವರಿಗೆ ಇದರ ಗಂಭೀರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಿಯನ್ನು ತೆಗೆಯಬೇಕು, ಇಲ್ಲವೆ ಕವಾಟವನ್ನು ತಯಾರಕರು ಹೇಳುವ ಕ್ರಮದಲ್ಲಿ ಒತ್ತಡಮಾಪಕವಿಟ್ಟು ಹೊಂದಿಸಿಕೊಡಬಲ್ಲವರಲ್ಲಿಗೆ ಒಯ್ಯಬೇಕು. ಕಡ್ಡಿಯನ್ನು ತಂತಿಯಿಂದ ಕಟ್ಟಿ ಒಂದೇ ಸ್ಥಿತಿಯಲ್ಲಿ ನಿಲ್ಲಿಸುವ ಉಪಾಯವನ್ನು ಕೆಲವರು ಮಾಡುತ್ತಾರೆ. ಅದು ಅಪಾಯ.

ಈ ಕಡ್ಡಿಯ ಕೀಲು ತುಕ್ಕಿನಿಂದ ಹೇರಿನ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡರೆ ಫಲ ವಿಪರೀತ, ಮತ್ತು ಅದು ನಮ್ಮನ್ನು ಎರಡನೆಯ ದೂರಿಗೆ ತರುತ್ತದೆ: ಬರಿದಾದ ಗಾಡಿಯ ಹಿಂದಿನ ಗಾಲಿಗಳು ‘ಹಿಡಿದುಬಿಡುತ್ತವೆ’. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಎರಡು ಗಾಲಿಗಳೋ, ಒಂದೋ? ಎರಡಕ್ಕೂ ಸಾಮಾನ್ಯವಾದ ಕಾರ್ಯಕ್ಕೆ ಸಾಮಾನ್ಯವಾದ ಕಾರಣವನ್ನು ಕಲ್ಪಿಸುವುದು ಲಾಘವ. ಆದುದರಿಂದ ಮೊದಲು ಕವಾಟ. ಒಂದೇ ಗಾಲಿಯಾದರೆ ಕಾರಣ ಆ ಗಾಲಿಯಲ್ಲಿಯೇ ಇದೆ. ಒಸರಿದ ದ್ರವ ಲೈನರಿಗೆ ತಾಗಿದಾಗ ಅದು ಜಾರುವುದರ ಬದಲು ಮೊದಮೊದಲು ಅಂಟಂಟಾಗಿ ಕಚ್ಚುವುದುಂಟು. ಎಣ್ಣೆ ತಾಗಿದರೆ ಜಾರಲೇಬೇಕೆಂಬ ವ್ಯಾಪ್ತಿಯನ್ನು ಹಿಡಿದು ಕುಳಿತವರು ಇಲ್ಲಿ ಮೋಸಹೋಗುತ್ತಾರೆ. ಬೆಣೆಯ ಗುಣವನ್ನು ನೆನೆದರೆ ಸ್ವಲ್ಪ ಕಚ್ಚುವಿಕೆಯೇ ಪೂರ್ಣ ಬಂಧನವಾಗುವುದು ಹೇಗೆಂಬುದು ಸ್ಪಷ್ಟವಾಗುತ್ತದೆ. ಎರಡು ಶೂಗಳ ಲೈನರುಗಳು ಉದ್ದದಲ್ಲಿ ಬೇರೆಬೇರೆಯಾಗಿರುವ ರಚನೆಯಲ್ಲಿ ಗಿಡ್ಡದು ಮುಂದೆ, ಉದ್ದದ್ದು ಹಿಂದೆ ಇರಬೇಕು. ಇವು ಅದಲುಬದಲಾದರೂ ನಡತೆ ಕೆಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ರಾತ್ರಿಯೆಲ್ಲ ನಿಂತ ಗಾಡಿ ಬೆಳಗಿನ ಮೊದಲ ತುಳಿತಕ್ಕೆ ಗಕ್ಕನೆ ನಿಲ್ಲುವುದು ಮಾತ್ರ ರೋಗವಲ್ಲ. ಡ್ರಮ್ಮಿನ ಒಳಮೈಗೆ ಹತ್ತಿದ ತೆಳುವಾದ ತುಕ್ಕು ಎರಡು ಮೂರು ತುಳಿತಗಳಲ್ಲಿ ಉಜ್ಜಿಹೋಗುತ್ತದೆ.

ತುಳಿದಾಗ ಪೆಡಲು ಕಾಲಿನ ಕೆಳಗೆ ತಾಳಹಾಕಿದಂತೆ ಮಿಡಿಯುವುದು ಡ್ರಮ್ಮು ಅಂಡಾಕಾರವಾದುದರ ಚಿಹ್ನೆಯಾಗಿರಬಹುದು. ಮುಂದಿನ ಬಿಲ್ಲೆ ಸೊಟ್ಟಾದರೂ ಹೀಗೆಯೇ. ನಿರ್ಜನವಾದ ಸಮರಸ್ತೆಯಲ್ಲಿ ಮೆಲ್ಲನೆ ಹೋಗುತ್ತ, ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿಯೇ ಹಿಡಿದು ಅದನ್ನು ಸ್ವಲ್ಪ ಸ್ವಲ್ಪವಾಗಿ ಎಳೆದರೆ ಹಿಂದಿನ ಶೂಗಳು ಮಾತ್ರ ಕೆಲಸ ಮಾಡುವುವು. ಆಗಲೂ ಗಾಡಿ ಅದೇ ತಾಳದಲ್ಲಿ ನಡುಗಿದರೆ ದೋಷ ಹಿಂದೆ. ಡ್ರಮ್ಮನ್ನು ಲೇತಿನಲ್ಲಿ ಕೊರೆಸಬಹುದು. ಆದರೆ ಮೀರಬಾರದ ವ್ಯಾಸವನ್ನು ಸಾಮಾನ್ಯವಾಗಿ ಡ್ರಮ್ಮಿನ ಮೇಲೆಯೇ ಎರಕದಲ್ಲಿ ಬರೆದಿರುತ್ತಾರೆ. ಇಂಥ ಶಾಸನವನ್ನು ಓದದೆ ಬಿಡುವುದು ವಿದ್ವಾಂಸರಿಗೆ ತಕ್ಕುದಲ್ಲ.

ಮೂರನೆಯದು ‘ಹಿಡಿದುಕೊಳ್ಳುವುದು’. ಗಾಡಿ ಎಳೆಯುವುದಿಲ್ಲ, ಡೀಸೆಲ್ ಹೆಚ್ಚು ಕುಡಿಯುತ್ತದೆ, ನಿಲ್ಲಿಸಿದಾಗ ಹಿಂದಿನ ಗಾಲಿಯ ಬಳಿಗೆ ಕೈ ಒಯ್ದರೆ, ಮುಟ್ಟುವುದಕ್ಕೆ ಮೊದಲೇ ಶಾಖ ಹೊಡೆಯುತ್ತದೆ. ಇದಕ್ಕೆ ಕಾರಣಗಳು ಎರಡು ವರ್ಗ: ದ್ರವದ ಒತ್ತಡ ಹಿಂದಿರುಗದೆ ಉಳಿದಿರುವುದು, ಅಥವಾ ಕೇಬಲ್ಲು ಸ್ಪ್ರಿಂಗು ಶೂಗಳಂಥ ಘನವಸ್ತುಗಳು ಸಿಕ್ಕಿಕೊಂಡಿರುವುದು. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಎತ್ತಿ ಭದ್ರವಾದ ಆಧಾರದ ಮೇಲಿರಿಸಿ, ಹ್ಯಾಂಡ್‌ಬ್ರೇಕನ್ನು ಬಿಟ್ಟು, ಬಿಗಿಯಾಗಿರುವ ಗಾಲಿಯ ಸಿಲಿಂಡರಿನಲ್ಲಿ ಏರ್ ತೆಗೆಯುವ ತಿರುಪನ್ನು ಸಡಿಲಿಸಬೇಕು. ದ್ರವ ಚಿಮ್ಮಿ ಗಾಲಿ ಸಡಿಲವಾದರೆ ಒತ್ತಡವೇ ಕಾರಣ; ಸಡಿಲವಾಗದಿದ್ದರೆ ಘನವಸ್ತು ಕಾರಣ. ಒತ್ತಡವೆಂದು ತಿಳಿದಲ್ಲಿ, ಗಾಲಿ ಮತ್ತೆ ಬಿಗಿಯಾದಾಗ, ಚಾಸಿಯಿಂದ ಅಚ್ಚಿಗೆ ಬರುವ ರಬ್ಬರಿನ ಹೋಸಿನ ಮೇಲ್ತುದಿಯ ಜೋಡಣೆಯನ್ನು ಸಡಿಲಿಸಿ ನೋಡಬೇಕು. ಅಲ್ಲಿ ಸಡಿಲಿಸಿದರೂ ಗಾಲಿ ಬಿಡದೆ, ಕೆಳಗಿನ ತಿರುಪನ್ನು ಸಡಿಲಿಸಿದಾಗ ಮಾತ್ರ ಬಿಟ್ಟರೆ, ದೋಷ ಎರಡರ ನಡುವಣ ಹೋಸಿನಲ್ಲಿಯೇ. ಹೊರಗೆ ನುಣುಪಾಗಿ ಕಾಣುವ ಹಳೆಯ ಹೋಸು ಒಳಗೆ ಉಬ್ಬಿ, ಕಾಲಿನ ಬಲಕ್ಕೆ ದ್ರವವನ್ನು ಒಳಕ್ಕೆ ಬಿಟ್ಟು, ಸ್ಪ್ರಿಂಗಿನ ಅಲ್ಪಬಲಕ್ಕೆ ಹಿಂದಕ್ಕೆ ಬಿಡದೆ ಇರಬಲ್ಲದು. ಮೇಲ್ತುದಿಯಲ್ಲಿಯೇ ಬಿಟ್ಟರೆ ಅದರಿಂದ ಮೇಲಕ್ಕೆ, ಕವಾಟದವರೆಗೂ ಮಾಸ್ಟರ್ ಸಿಲಿಂಡರಿನವರೆಗೂ, ಇದೇ ಕ್ರಮದಲ್ಲಿ ಹೋಗಬೇಕು. ಅಚ್ಚಿಗೆ ಬರುವ ಹೋಸು ಒಂದೇ ಆಗಿದ್ದರೆ ಅದರ ದೋಷ ಎರಡು ಗಾಲಿಗಳಲ್ಲಿಯೂ ಕಾಣಬೇಕು. ಒಂದರಲ್ಲಿ ಮಾತ್ರ ಬಿಸಿಯಿದ್ದಾಗ ಹೋಸನ್ನು ದೂರುವುದು ಅನ್ಯಾಯ.

ನಮಗೆ ಹತ್ತಿರದ ಒಂದು ಊರಿನ ಹಾಲಿನ ಗಾಡಿಗೆ ಹೀಗೆಯೇ ಎರಡೂ ಹಿಂದಿನ ಗಾಲಿ ಕಾಯುತ್ತಿದ್ದುವು. ಒಂದಾದ ಮೇಲೊಂದರಂತೆ ಶೂಗಳೂ ಸಿಲಿಂಡರುಗಳೂ ಸ್ಪ್ರಿಂಗುಗಳೂ ಹೊಸದಾದುವು. ಬಡ ಮಾಲಿಕನು ಸಾಲ ಮಾಡಿದನು. ಕಡೆಗೆ ಒಬ್ಬ ಹುಡುಗ ಕೆಲಸಗಾರನು ಮೇಲೆ ಹೇಳಿದ ಎರಡು ತಿರುಪುಗಳ ಪರೀಕ್ಷೆಯಿಂದ ಹೋಸನ್ನು ಹಿಡಿದನು. ಅವನು ತರ್ಕಸಂಗ್ರಹವನ್ನು ಓದಿದವನಲ್ಲ. ಬಿಡಿಭಾಗಗಳನ್ನು ಬದಲಾಯಿಸುತ್ತ ಹೋಗುವುದು ನಿರ್ಣಯವಲ್ಲವೆಂಬುದು ಅವನಿಗೆ ತಿಳಿದಿತ್ತು.

ಕೆಲಸ ಮಾಡಿಸುವವರಿಗೆ ಕೆಲವು ಮಾತುಗಳನ್ನು ಹೇಳುವುದು ಉಳಿದಿದೆ. ಡ್ರಮ್ಮು ಬಿಚ್ಚಿದೊಡನೆ ಒಳಗಿನ ಪುಡಿಯನ್ನು ಬಾಯಿಂದ ಊದುವುದೂ ಗಾಳಿಯ ಪಂಪಿನಿಂದ ಹಾರಿಸುವುದೂ ಕೂಡದು. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಎಳೆಗಳು ಶ್ವಾಸಕೋಶಕ್ಕೆ ಸೇರಿದರೆ ಹತ್ತಾರು ವರ್ಷಗಳ ಮೇಲೆ ಮಾರಕವಾದ ರೋಗಗಳನ್ನು ತರುತ್ತವೆ. ಪುಡಿಯನ್ನು ಒದ್ದೆಮಾಡಿ ಒರಸಿ ತೆಗೆಯಬೇಕು. ಲೈನರನ್ನು ಎಂದೂ ಒಂದೇ ಗಾಲಿಗೆ ಹಾಕಿಸಬಾರದು. ಎರಡು ಕಡೆಯನ್ನೂ ಒಮ್ಮೆಗೇ ಬಿಚ್ಚದೆ ಒಂದನ್ನು ಹಾಗೆಯೇ ಇಟ್ಟುಕೊಂಡರೆ ಸ್ಪ್ರಿಂಗುಗಳ ಕೊಂಡಿ ಎಲ್ಲಿ ಸಿಕ್ಕಬೇಕೆಂಬುದಕ್ಕೆ ಮೂಲಪ್ರತಿ ಎದುರಿಗಿದ್ದಂತಾಗುತ್ತದೆ. ಅದು ಎಡಬಲ ತಿರುಗಿಸಿದ ಪ್ರತಿಯೆಂಬುದನ್ನು ಮಾತ್ರ ಮರೆಯಬಾರದು. ಏರ್ ತೆಗೆಯುವಾಗ, ತಯಾರಕರು ಬೇರೆ ಕ್ರಮ ಹೇಳದಿದ್ದರೆ, ಮಾಸ್ಟರ್ ಸಿಲಿಂಡರಿಗೆ ಅತಿದೂರವಾದ ಗಾಲಿಯಿಂದ ಆರಂಭಿಸುವುದು ಸಂಪ್ರದಾಯ. ಚಾಲಕನು ಬಲಗಡೆ ಕುಳಿತುಕೊಳ್ಳುವ ನಮ್ಮ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ ಹಿಂದಿನ ಎಡಗಾಲಿ. ಗಾಡಿಯನ್ನು ಎತ್ತಿ ಅಚ್ಚು ತೂಗಾಡುತ್ತಿರುವಾಗ ಭಾರವನ್ನು ಊಹಿಸುವ ಕವಾಟವು ಪೂರ್ತಿಯಾಗಿ ‘ಬರಿದು’ ಎಂಬ ತೀರ್ಮಾನಕ್ಕೆ ಬಂದು ಹಿಂದಿನ ಹರಿವನ್ನು ಕಟ್ಟುವುದುಂಟು. ದ್ರವ ತೊಟ್ಟುತೊಟ್ಟಾಗಿ ಬರುವುದನ್ನು ಕಂಡು ಮಾಸ್ಟರ್ ಸಿಲಿಂಡರನ್ನು ಶಂಕಿಸಿ ಬಿಚ್ಚಿದವರಿದ್ದಾರೆ. ಆದಕಾರಣ ಭಾರ ಅಚ್ಚಿನ ಮೇಲೆಯೇ ಇರುವಂತೆ ಆಧಾರಗಳನ್ನು ಅಚ್ಚಿನ ಕೆಳಗೆ ಕೊಡಬೇಕು. ಬುಡ್ಡಿಯಲ್ಲಿ ದ್ರವದ ಮಟ್ಟ ನಡುವೆ ಬರಿದಾಗದಂತೆ ಒಬ್ಬರು ನೋಡಿಕೊಳ್ಳುತ್ತಿರಬೇಕು. ಹೊರಬಂದ ದ್ರವವನ್ನು ಮತ್ತೆ ಅದಕ್ಕೆ ಸುರಿಯಬಾರದು. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೆ ನೀರಿನಿಂದ ತೊಳೆಯಬೇಕು. ಹೊಸ ಲೈನರಿನ ಮೈ ಡ್ರಮ್ಮಿನ ಮೈಗೆ ಕೂಡಿಬರುವುದಕ್ಕೆ ಕೆಲವು ನೂರು ಕಿಲೋಮೀಟರು ಬೇಕು. ಅಷ್ಟರವರೆಗೆ ಪೂರ್ತಿ ಹೇರು ಹೇರಿ ಘಟ್ಟ ಇಳಿಯಬಾರದು. ಮೊದಲ ಪರೀಕ್ಷೆಯನ್ನು ಅಂಗಳದಲ್ಲಿ ನಡೆಯುವ ವೇಗದಲ್ಲಿ ಮಾಡಿ, ಎರಡು ಡ್ರಮ್ಮುಗಳ ಶಾಖವೂ ಸಮನಾಗಿದೆಯೆಂದು ಕಂಡ ಮೇಲೆಯೇ ರಸ್ತೆಗೆ ಇಳಿಯುವುದು.